ಒಂದು ರೋಷಗೀತದ ಚರಿತ್ರೆ

ಮಾನಕ್ಕೆ ಕುಂದು ಬಂದಾಗ ಹೆಣ್ಣಿಗೆ ಲೋಕವು ಎರಡು ದಾರಿಗಳನ್ನು ಮಾತ್ರ ತೋರಿಸುವುದು ವಾಡಿಕೆ: ಒಂದು ಕಣ್ಣೀರು, ಮತ್ತೊಂದು ಮೌನ. ಅಮೆರಿಕಾ ದೇಶದ ಗಾಯಕಿಯೊಬ್ಬಳು ಇವೆರಡನ್ನೂ ಬಿಟ್ಟು ಮೂರನೆಯದೊಂದು ದಾರಿಯನ್ನು ಹಿಡಿದಳು. ೧೯೭೭ರಲ್ಲಿ ಪ್ರಕಟವಾದ ಆಕೆಯ ‘ಬ್ಯಾರಕೂಡ’ ಎಂಬ ಹಾಡು ಸ್ತ್ರೀಯರ ಆತ್ಮಗೌರವದ ಗೀತವೆಂದು ಮನ್ನಣೆ ಪಡೆದಿದೆ. ಅದರ ಹುಟ್ಟನ್ನೂ ಮುಂದಿನ ಬಾಳನ್ನೂ ನೋಡಿದರೆ, ಹೆಣ್ಣಿನ ದನಿಗೆ ಒಡೆಯರಾರು ಎಂಬ ಪ್ರಶ್ನೆಯೇ ಅದರ ಚರಿತ್ರೆಯನ್ನೆಲ್ಲ ನಡೆಸಿದಂತೆ ತೋರುತ್ತದೆ.

ಆ ಗಾಯಕಿ ಆನ್ ವಿಲ್ಸನ್, ಹುಟ್ಟಿದ್ದು ೧೯೫೦ರಲ್ಲಿ. ತಂಗಿ ನ್ಯಾನ್ಸಿ ಸುಮಾರು ನಾಲ್ಕು ವರ್ಷ ಕಿರಿಯಳು. ತಂದೆ ಅಮೆರಿಕಾದ ಮೆರೀನ್ ದಳದ ಅಧಿಕಾರಿ. ಊರಿಂದೂರಿಗೆ ವರ್ಗವಾಗುತ್ತಿದ್ದ ಆ ಸಂಸಾರವು ಕಡೆಗೆ ಸಿಯಾಟಲ್ ನಗರದ ಬಳಿ ನೆಲೆಸಿತು. ವಿದ್ಯುತ್ ಗಿಟಾರುಗಳ ಮೊರೆತವೂ ಗಡುಸಾದ ತಾಳವೂ ಕೂಡಿದ ‘ಹಾರ್ಡ್ ರಾಕ್’ ಸಂಗೀತವು ಆ ಕಾಲದಲ್ಲಿ ಬಹುಮಟ್ಟಿಗೆ ಗಂಡಸರ ಸೊತ್ತಾಗಿದ್ದಿತು. ಅಂಥ ಸಂಗೀತದ ‘ಹಾರ್ಟ್’ ಎಂಬ ಮೇಳದಲ್ಲಿ ಅಕ್ಕ ಮುಖ್ಯ ಗಾಯಕಿಯಾಗಿಯೂ ತಂಗಿ ಗಿಟಾರು ನುಡಿಸುವವಳಾಗಿಯೂ ಮುಂದೆ ನಿಂತರು. ಕೆನಡಾದ ವ್ಯಾಂಕೂವರ್ ನಗರದ ಮಶ್ರೂಮ್ ಕಂಪೆನಿಯು ೧೯೭೫ರಲ್ಲಿ ಹೊರತಂದ ‘ಡ್ರೀಮ್‌ಬೋಟ್ ಆನಿ’ ಎಂಬ ಅವರ ಮೊದಲ ಧ್ವನಿಮುದ್ರಿಕೆ, ಮರುವರ್ಷ ಅಮೆರಿಕಾದಲ್ಲಿಯೂ ಬಿಡುಗಡೆಯಾಗಿ ಬಹು ದೊಡ್ಡ ಗೆಲುವನ್ನು ಕಂಡಿತು.

ಆ ಗೆಲುವಿನ ಬೆನ್ನಿಗೇ ಕಂಟಕವೂ ಬಂದಿತು. ಕಂಪೆನಿಯವರು ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಒಂದು ಜಾಹೀರಾತನ್ನು ಹಾಕಿಸಿದರು. ಚಾಡಿಸುದ್ದಿಯ ಪತ್ರಿಕೆಗಳ ಮಾದರಿಯಲ್ಲಿದ್ದ ಅದರಲ್ಲಿ ಬರಿಹೆಗಲಿನ ಸೋದರಿಯರ ಚಿತ್ರವೂ, ಒಡಹುಟ್ಟಿದ ಅವರಿಬ್ಬರೂ ಪ್ರಣಯಿಗಳೆಂಬಂತೆ ಸೂಚಿಸುವ ಒಂದು ಸಾಲೂ ಇದ್ದವು. ಆ ಬಳಿಕ ಒಂದು ರಾತ್ರಿ ಕಚೇರಿ ಮುಗಿದ ಮೇಲೆ ಗಂಡಸೊಬ್ಬನು ಆನ್‌ಳ ಬಳಿಗೆ ಬಂದು, ಆಕೆಯ ಪ್ರಣಯಿಯ ಕ್ಷೇಮವನ್ನು ವಿಚಾರಿಸಿದನು. ಮೇಳದ ವ್ಯವಸ್ಥಾಪಕನೂ ತನ್ನ ಪ್ರಿಯನೂ ಆಗಿದ್ದ ಮೈಕೇಲ್ ಫಿಶರನನ್ನು ಕುರಿತ ಮಾತೆಂದು ಆಕೆ ಮೊದಲು ತಿಳಿದಳು. ಅವನು ಕೇಳಿದುದು ನ್ಯಾನ್ಸಿಯನ್ನು ಕುರಿತು ಎಂದು ಅರಿವಾದೊಡನೆ ಮೈಯೆಲ್ಲ ಉರಿದುಹೋಯಿತು. ಹೋಟೆಲಿನ ಕೋಣೆಗೆ ಹಿಂದಿರುಗಿ ಹಾಡಿನ ಮೊದಲ ಮಾತುಗಳನ್ನು ಬರೆದಳು.

ಬ್ಯಾರಕೂಡ ಎಂಬುದು ಹರಿತವಾದ ಹಲ್ಲುಗಳುಳ್ಳ, ಹೊಂಚಿ ಮೇಲೆರಗುವ ಒಂದು ಕಡಲಮೀನು. ಹೆಣ್ಣನ್ನು ಸರಕೆಂದು ಬಗೆದು ಬಳಿಸಾರುವವನಿಗೆ ಹಾಡಿನಲ್ಲಿ ಆ ಹೆಸರು ಸಂದಿತು. ನ್ಯಾನ್ಸಿ, ಗಿಟಾರು ವಾದಕ ರೋಜರ್ ಫಿಶರ್, ತಾಳವಾದ್ಯದ ಮೈಕೇಲ್ ಡೆರೋಜಿಯರ್ ಇವರೂ ರಚನೆಯಲ್ಲಿ ಪಾಲುಗೊಂಡರು. ಗಿಟಾರಿನ ನಡೆ ಕುದುರೆಯ ನಾಗಾಲೋಟದಂತಿದೆ. ಅದರ ಮೇಲೆ ಆನ್‌ಳ ಕಂಠವು ಎಲ್ಲಿಯೂ ಬಾಗದೆ ಸಾಗುತ್ತದೆ. ಹಾಡಿನಲ್ಲಿ ಆ ಜಾಹೀರಾತಿನ ಪ್ರಸ್ತಾಪವಿಲ್ಲ, ಕಂಪೆನಿಯ ಹೆಸರಿಲ್ಲ, ದೂರು ಹೇಳಿಕೊಳ್ಳುವ ದೈನ್ಯವೂ ಇಲ್ಲ. ಈ ಸಂಯಮವೇ ಅದರ ಬಲ. ತನಗಾದ ಅವಮಾನ ಇಂಥದೆಂದು ಗಾಯಕಿ ಹೇಳದಿದ್ದುದರಿಂದ, ಕೇಳಿದ ಪ್ರತಿಯೊಬ್ಬ ಹೆಣ್ಣೂ ತನ್ನ ಅವಮಾನವನ್ನು ಅದರಲ್ಲಿ ಇಟ್ಟು ಹಾಡಿಕೊಳ್ಳಲು ಎಡೆಯಾಯಿತು. ‘ಲಿಟ್ಲ್ ಕ್ವೀನ್’ ಎಂಬ ಧ್ವನಿಮುದ್ರಿಕೆಯಲ್ಲಿ ಸೇರಿ ಬಂದ ಈ ಹಾಡು ಅಮೆರಿಕಾದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ೧೧ನೆಯ ಸ್ಥಾನವನ್ನು ಮುಟ್ಟಿತು.

ಆ ವೇಳೆಗೆ ಸೋದರಿಯರು ಮಶ್ರೂಮ್ ಕಂಪೆನಿಯನ್ನು ತೊರೆದು ಪೋರ್ಟ್ರೇಟ್ ಎಂಬ ಸಂಸ್ಥೆಯನ್ನು ಸೇರಿದ್ದರು. ಹಳೆಯ ಕಂಪೆನಿಯವರು ಸುಮ್ಮನಿರಲಿಲ್ಲ. ತಮ್ಮಲ್ಲಿ ಉಳಿದಿದ್ದ ಅರೆಮುಗಿದ ಹಾಡುಗಳನ್ನು ಕೂಡಿಸಿ, ೧೯೭೭ರಲ್ಲಿಯೇ ‘ಮ್ಯಾಗಜೀನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟರು. ವ್ಯಾಜ್ಯವು ಸಿಯಾಟಲಿನ ನ್ಯಾಯಾಲಯವನ್ನೇರಿತು; ಪ್ರತಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಆಜ್ಞೆಯಾಯಿತು. ಮೇಳದವರು ಆ ಹಾಡುಗಳನ್ನು ತಾವೇ ತಿದ್ದಿ ಮುಗಿಸಿದ ಮೇಲೆ ೧೯೭೮ರಲ್ಲಿ ಅದು ಮತ್ತೆ ಹೊರಬಂದಿತು.

ಮೂವತ್ತು ವರ್ಷಗಳ ತರುವಾಯ ಇನ್ನೂ ತೊಡಕಾದ ಪ್ರಸಂಗವೊಂದು ಒದಗಿತು. ೨೦೦೮ರ ಸೆಪ್ಟೆಂಬರಿನಲ್ಲಿ ರಿಪಬ್ಲಿಕನ್ ಪಕ್ಷವು ಅಲಾಸ್ಕದ ಗವರ್ನರಳಾಗಿದ್ದ ಸಾರಾ ಪೇಲಿನ್‌ಳನ್ನು ಉಪಾಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನಾಗಿ ನಿಲ್ಲಿಸಿತು. ಶಾಲೆಯ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಟದ ಬಿರುಸಿಗಾಗಿ ಆಕೆಗೆ ‘ಬ್ಯಾರಕೂಡ’ ಎಂಬ ಅಡ್ಡಹೆಸರು ಬಂದಿದ್ದಿತು. ಪಕ್ಷದ ಮಹಾಸಭೆಯಲ್ಲಿ ಈ ಹಾಡನ್ನೇ ಮೊಳಗಿಸಿದರು. ಪೇಲಿನ್‌ಳ ಅಭಿಪ್ರಾಯಗಳು ತಮ್ಮವಲ್ಲವೆಂದೂ ಹಾಡನ್ನು ಬಳಸಕೂಡದೆಂದೂ ಸೋದರಿಯರು ಬಹಿರಂಗವಾಗಿ ಪ್ರತಿಭಟಿಸಿದರು. ಬೇಕಾದ ಪರವಾನಗಿ ತಮಗುಂಟೆಂದು ಪ್ರಚಾರಕರು ಉತ್ತರಕೊಟ್ಟರು.

ಸ್ತ್ರೀಯರೆಲ್ಲರದೂ ಆದ ಹಾಡು ಪೇಲಿನ್‌ಳದೂ ಆಗಬೇಡವೇ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ಹಗುರವಾದುದಲ್ಲ. ಹಾಡಿಕೊಳ್ಳುವ ಅಧಿಕಾರ ಆಕೆಗೂ ಉಂಟು. ಆದರೆ ಒಬ್ಬರ ಹಾಡನ್ನು ತಾನು ಹಾಡುವುದು ಒಂದು. ತಾನು ಒಪ್ಪದ ಮಾತಿಗೆ ಒಬ್ಬರ ಕಂಠವನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ಮತ್ತೊಂದು. ಜಾಹೀರಾತಿಗೆ ಅವರ ಚಿತ್ರವನ್ನು, ೧೯೭೭ರಲ್ಲಿ ಅರೆಮುಗಿದ ಅವರ ಹಾಡುಗಳನ್ನು, ೨೦೦೮ರಲ್ಲಿ ಅವರ ರೋಷವನ್ನೇ, ಹೀಗೆ ಮೂರು ಬಾರಿ ಅನ್ಯರು ಅವರ ಸಮ್ಮತಿಯಿಲ್ಲದೆ ತಮ್ಮ ಕಾರ್ಯಕ್ಕೆ ಒಯ್ದರು. ಮೂರು ಬಾರಿಯೂ ಅವರು ಬೇಡವೆಂದರು: ಒಮ್ಮೆ ಹಾಡಿನಿಂದ, ಒಮ್ಮೆ ನ್ಯಾಯಾಲಯದಲ್ಲಿ, ಒಮ್ಮೆ ಲೋಕದ ಮುಂದೆ.

೨೦೧೩ರಲ್ಲಿ ರಾಕ್ ಸಂಗೀತದ ಕೀರ್ತಿಮಂದಿರವು ಈ ಮೇಳವನ್ನು ಸನ್ಮಾನಿಸಿತು. ಕಂಪೆನಿ ಹಾಕಿಸಿದ ಸಾಲನ್ನು ಇಂದು ನೆನೆಯುವವರು ನೆನೆಯುವುದು, ಅದಕ್ಕೆ ಹೆಣ್ಣೊಬ್ಬಳು ಕೊಟ್ಟ ಉತ್ತರದ ದೆಸೆಯಿಂದ ಮಾತ್ರ.