ಕಿರಿಯ ಕಾಲೇಜಿನಿಂದ ವಿಶ್ವವಿದ್ಯಾನಿಲಯಕ್ಕೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪದವಿಯ ವ್ಯಾಸಂಗವು ನಾಲ್ಕು ವರ್ಷಗಳದಷ್ಟೆ. ಮೊದಲಿನೆರಡನ್ನು ತನ್ನ ಊರಿನ ಸಮುದಾಯ ಕಾಲೇಜಿನಲ್ಲಿ ಮುಗಿಸಿ, ಉಳಿದೆರಡಕ್ಕೆ ವಿಶ್ವವಿದ್ಯಾನಿಲಯವನ್ನು ಸೇರುವ ಪದ್ಧತಿಯು ಅಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇದರ ಮೂಲಪುರುಷರಲ್ಲೊಬ್ಬನು ಷಿಕಾಗೊ ವಿಶ್ವವಿದ್ಯಾನಿಲಯದ ಪ್ರಥಮಾಧ್ಯಕ್ಷನಾದ ವಿಲಿಯಂ ರೇನಿ ಹಾರ್ಪರನು. ಈತನು ಹೀಬ್ರೂ ಪಂಡಿತನು. ಲ್ಯಾಟಿನ್, ಗ್ರೀಕ್, ಸಂಸ್ಕೃತ, ಗಾಥಿಕ್ ಭಾಷೆಗಳ ಉಪಸರ್ಗಗಳನ್ನು ತುಲನೆಮಾಡಿ, ಹತ್ತೊಂಬತ್ತು ತುಂಬುವ ಮೊದಲೇ, 1875ರಲ್ಲಿ, ಯೇಲ್‌ನಿಂದ ಡಾಕ್ಟರ್ ಪದವಿಯನ್ನು ಪಡೆದವನು. ಆಡಳಿತಗಾರರಲ್ಲಿ ಇಂತಹ ವೈಯಾಕರಣರು ವಿರಳವೇ ಸರಿ.

ಆತನ ಪ್ರೇರಣೆಯಿಂದ ಜೆ. ಸ್ಟ್ಯಾನ್ಲಿ ಬ್ರೌನನು 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಪಟ್ಟಣದಲ್ಲಿ, ತನ್ನ ಪ್ರೌಢಶಾಲೆಯೊಳಗೇ, ಕಿರಿಯ ಕಾಲೇಜನ್ನು ತೆರೆದನು. ಮೊದಲು ಸೇರಿದವರು ಆರೇ ಮಂದಿ. ಊರು ಬಿಡಲಾರದ ಮಕ್ಕಳಿಗೆ ಉಚ್ಚವಿದ್ಯೆಯು ದೊರೆಯಲೆಂಬುದು ಬ್ರೌನನ ಆಶಯ. ಹಾರ್ಪರನಿಗಾದರೋ ಪ್ರಾರಂಭದ ತರಗತಿಗಳ ಭಾರವನ್ನು ವಿಶ್ವವಿದ್ಯಾನಿಲಯದಿಂದ ಇಳಿಸುವ ಎಣಿಕೆಯೂ ಇದ್ದಿತು.

ಕಲಿತ ಪಾಠವನ್ನು ಹೊಸ ಸಂಸ್ಥೆಯು ಅಂಗೀಕರಿಸದಿದ್ದರೆ ಅದನ್ನೇ ಮತ್ತೊಮ್ಮೆ ಹಣ ತೆತ್ತು ಓದಬೇಕು. ಬಡವನು ಅಲ್ಲಿಯೇ ಸೋಲುವನು. ಕ್ಯಾಲಿಫೋರ್ನಿಯಾದ ಪ್ರೌಢಶಾಲೆಗಳಿಗೆ ಇಂತಹ ತರಗತಿಗಳನ್ನು ನಡೆಸುವ ಅಧಿಕಾರವು 1907ರಲ್ಲಿಯೇ ಬಂದಿದ್ದಿತು. ಗೊತ್ತಾದ ವರ್ಗಾವಣೆ ಪದವಿಯನ್ನು ಪಡೆದವರಿಗೆ ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ನೇರವಾಗಿ ಮೂರನೆಯ ವರ್ಷಕ್ಕೆ ಸ್ಥಾನವುಂಟೆಂಬ ಶಾಸನವಾದುದು 2010ರಲ್ಲಿ. ಯಾವ ಊರಿನ ಶಾಖೆಯೆಂಬ ಭರವಸೆಯನ್ನು ಆ ಶಾಸನವೂ ಕೊಡಲಿಲ್ಲ.