ಶೂ ಡಬ್ಬದಲ್ಲಿ 8 ಲಕ್ಷ ಡಾಲರ್

1/9
ಅಕ್ಟೋಬರ್ 1970. ಅಮೆರಿಕದ ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್. ಅಲ್ಲಿನ ಸೇಂಟ್ ನಿಕೊಲಸ್ ಹೋಟೆಲಿನ ಒಂದು ರೂಮು. ಅದರಲ್ಲಿ ವರ್ಷಗಟ್ಟಲೆ ವಾಸ ಇದ್ದ ರಾಜಕಾರಣಿ ಈಗಷ್ಟೇ ತೀರಿಕೊಂಡಿದ್ದಾನೆ. ವಿಲ್ ನೋಡಿಕೊಳ್ಳೋ ಜವಾಬ್ದಾರಿ ಇದ್ದ ಸ್ನೇಹಿತ ಬಂದು ಕಪಾಟು ತೆಗೀತಾನೆ. ಒಳಗೆ ಶೂ ಡಬ್ಬ, ಬ್ರೀಫ್‌ಕೇಸ್, ಬೀಗ ಹಾಕಿದ ಪೆಟ್ಟಿಗೆ. ಎಲ್ಲದರಲ್ಲೂ ನೋಟು!

ಹೋಟೆಲ್ ರೂಮು, ಆಫೀಸು ಎರಡೂ ಸೇರಿ ಸಿಕ್ಕಿದ ನಗದು ಸುಮಾರು 8 ಲಕ್ಷ ಡಾಲರ್. ಜೊತೆಗೆ 49 ಕೇಸ್ ವಿಸ್ಕಿ, 14 ಟ್ರಾನ್ಸಿಸ್ಟರ್ ರೇಡಿಯೋ, 2 ಕೇಸ್ ಜೋಳದ ಡಬ್ಬಿ. (ಜೋಳ ಯಾಕೆ ಅಂತ ನನ್ನನ್ನ ಕೇಳಬೇಡಿ.)

ಈ ಮನುಷ್ಯನ ಹೆಸರು ಪಾಲ್ ಪೊವೆಲ್. ಇಡೀ ಜೀವನದಲ್ಲಿ ಇವನ ಸರ್ಕಾರಿ ಸಂಬಳ ವರ್ಷಕ್ಕೆ 30,000 ಡಾಲರ್ ದಾಟಿರಲಿಲ್ಲ. ಲೆಕ್ಕ ಹಾಕಿ ನೋಡಿ. ಅಷ್ಟು ಸಂಬಳದಲ್ಲಿ ಒಂದು ಕಾಫಿಗೂ ಖರ್ಚು ಮಾಡದೆ ಕೂಡಿಟ್ಟರೂ ಆ ನಗದು ಸೇರೋಕೆ 26 ವರ್ಷಕ್ಕೂ ಹೆಚ್ಚು ಬೇಕು.

"ಓಹ್, ಕಳ್ಳ ರಾಜಕಾರಣಿ, ಅಷ್ಟೇ ತಾನೇ" ಅಂತ ಸ್ಕ್ರೋಲ್ ಮಾಡಬೇಡಿ. ಅಸಲಿ ಕಥೆ ಡಬ್ಬದಲ್ಲಿಲ್ಲ. ಇವನನ್ನ ಜನ 35 ವರ್ಷ ಯಾಕೆ ಗೆಲ್ಲಿಸಿದ್ರು ಅನ್ನೋದರಲ್ಲಿದೆ.

2/9
ಪೊವೆಲ್ ಹುಟ್ಟಿದ್ದು 1902ರಲ್ಲಿ, ರಾಜ್ಯದ ದಕ್ಷಿಣ ತುದಿಯ ಸಣ್ಣ ಊರಲ್ಲಿ. ಊರಿನ ಹೆಸರಿನ ಸ್ಪೆಲ್ಲಿಂಗ್ ಆಸ್ಟ್ರಿಯಾದ ವಿಯೆನ್ನಾದ್ದೇ, ಆದರೆ ಅಲ್ಲಿಯವರು ಅದನ್ನ ಕರೆಯೋದು "ವೈಯಾನಾ" ಅಂತ. ಆ ಸೀಮೆಗೆ "ಲಿಟ್ಲ್ ಈಜಿಪ್ಟ್" ಅಂತ ಅಡ್ಡಹೆಸರು. ಮ್ಯಾಪ್ ತೆಗೆದು ನೋಡಿದ್ರೆ ಕೈರೋ, ಥೀಬ್ಸ್, ಕಾರ್ನಾಕ್ ಅನ್ನೋ ಊರುಗಳೂ ಸಿಗುತ್ತವೆ.

ಇಲಿನಾಯ್ ಅಂದ ತಕ್ಷಣ ನಮಗೆ ನೆನಪಾಗೋದು ಶಿಕಾಗೋ. ದುಡ್ಡು, ಜನ, ಅಧಿಕಾರ ಎಲ್ಲ ಉತ್ತರದಲ್ಲಿ. ದಕ್ಷಿಣದ ಈ ಕಡೆ ಕಲ್ಲಿದ್ದಲು ಗಣಿ, ಹೊಲ ಮತ್ತು ಬಡತನ. "ನಮ್ಮ ಕಡೆಗೂ ಏನಾದ್ರೂ ತರೋನು ಒಬ್ಬ ಬೇಕು" ಅನ್ನೋ ಹಸಿವು ಅಲ್ಲಿತ್ತು. ಪೊವೆಲ್ ಮೊದಲು ತನ್ನ ಊರಿಗೆ ಮೇಯರ್ ಆದ. 1934ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ರಾಜ್ಯದ ಕೆಳಮನೆಗೆ ಆಯ್ಕೆಯಾದ. ಆಮೇಲೆ 30 ವರ್ಷ ಅಲ್ಲಿಂದ ಕದಲಲಿಲ್ಲ.

ಇನ್ನೊಂದು ವಿಷಯ. ಆಗ ಇಲಿನಾಯ್‌ನಲ್ಲಿ ಒಂದು ಕ್ಷೇತ್ರಕ್ಕೆ 3 ಶಾಸಕರು. ಪ್ರತಿ ಮತದಾರನಿಗೂ 3 ಓಟು, ಬೇಕಾದ್ರೆ ಮೂರನ್ನೂ ಒಬ್ಬನಿಗೇ ಹಾಕಬಹುದು. ಹಾಗಾಗಿ ಕ್ಷೇತ್ರ ಯಾರ ಕೋಟೆಯಾದ್ರೂ ಎದುರು ಪಕ್ಷಕ್ಕೂ ಸಾಮಾನ್ಯವಾಗಿ ಒಂದು ಸೀಟು ಸಿಗ್ತಿತ್ತು. ಎರಡೂ ಪಕ್ಷದವರು ಒಂದೇ ಕ್ಷೇತ್ರ ಹಂಚಿಕೊಂಡು, ವರ್ಷಗಟ್ಟಲೆ ಒಟ್ಟಿಗೇ ಇರಬೇಕು. ಅಂಥ ಕಡೆ ಜಗಳಕ್ಕಿಂತ ಸ್ನೇಹ ಲಾಭ. ಪೊವೆಲ್ ಈ ಪಾಠವನ್ನ ಬೇಗ ಕಲಿತ.

3/9
ಇವನು ಮೂರು ಸಲ ಸ್ಪೀಕರ್ ಆದ: 1949, 1959, 1961. ಕೊನೆಯ ಎರಡು ಸಲ ಹೇಗೆ ಆದ ಅನ್ನೋದು ಮಜವಾಗಿದೆ.

1959ರಲ್ಲಿ ಡೆಮಾಕ್ರಟಿಕ್ ಪಕ್ಷದ ದೊಡ್ಡ ಧಣಿ ಅಂದ್ರೆ ಶಿಕಾಗೋ ಮೇಯರ್ ರಿಚರ್ಡ್ ಡೇಲಿ. ಸ್ಪೀಕರ್ ಸ್ಥಾನಕ್ಕೆ ಡೇಲಿ ಕಡೆಯ ಅಭ್ಯರ್ಥಿ ಬೇರೆ. ಪೊವೆಲ್ ಏನು ಮಾಡಿದ ಗೊತ್ತಾ? ಎದುರು ಪಕ್ಷದ ರಿಪಬ್ಲಿಕನ್ ಗವರ್ನರ್ ವಿಲಿಯಂ ಸ್ಟ್ರಾಟನ್ ಕಡೆಯವರ ಓಟು ತಂದು, ತನ್ನದೇ ಪಕ್ಷದ ಧಣಿಯನ್ನ ಸೋಲಿಸಿದ.

1961ರಲ್ಲಿ ಸದನದಲ್ಲಿ ರಿಪಬ್ಲಿಕನ್ನರು 89, ಡೆಮಾಕ್ರಟ್‌ಗಳು 88. ಲೆಕ್ಕದ ಪ್ರಕಾರ ಸ್ಪೀಕರ್ ರಿಪಬ್ಲಿಕನ್ ಆಗಬೇಕು. ಆಗಿದ್ದು ಪೊವೆಲ್!

ಇದನ್ನ ಬರೀ ಚಾಣಾಕ್ಷತನ ಅಂದುಕೊಳ್ಳಬೇಡಿ. ಎರಡೂ ಕಡೆಯವರಿಗೆ ಹತ್ತಾರು ವರ್ಷ ಉಪಕಾರ ಮಾಡಿಟ್ಟಿದ್ದ ಮನುಷ್ಯ ಅವತ್ತು ಬಾಕಿ ವಸೂಲಿ ಮಾಡಿಕೊಂಡ. ಅಧಿಕಾರ ಕೈಗೆ ಬರೋ ಹೊತ್ತಿನಲ್ಲಿ ಅವನು ಹೇಳ್ತಿದ್ದ ಒಂದು ಮಾತು ಇವತ್ತಿಗೂ ಇಲಿನಾಯ್‌ನಲ್ಲಿ ಫೇಮಸ್: ಮಾಂಸ ಬೇಯೋ ಘಮ ಬರ್ತಾ ಇದೆ ಅಂತ. ಅಂದ್ರೆ ಅಡುಗೆ ಆಗ್ತಿದೆ, ಎಲೆ ಹಾಕಿ, ಎಲ್ಲರೂ ಪಂಕ್ತಿಗೆ ಬನ್ನಿ ಅಂತ.

4/9
ಪಂಕ್ತಿಯಲ್ಲಿ ಯಾರ್ಯಾರಿಗೆ ಏನೇನು ಸಿಕ್ಕಿತು?

ದಕ್ಷಿಣದ ಜನರಿಗೆ ಒಂದು ದೊಡ್ಡ ವಿಶ್ವವಿದ್ಯಾಲಯ. ಕಾರ್ಬನ್‌ಡೇಲ್‌ನ ಸದರ್ನ್ ಇಲಿನಾಯ್ ಯೂನಿವರ್ಸಿಟಿ 1948ರ ಹೊತ್ತಿಗೆ ಸುಮಾರು 3,000 ವಿದ್ಯಾರ್ಥಿಗಳ ಸಂಸ್ಥೆ. 1970ರ ಹೊತ್ತಿಗೆ 20,000 ಮೀರಿತ್ತು. ಅದರ ಹಿಂದೆ ಡೆಲೈಟ್ ಮೋರಿಸ್ ಅನ್ನೋ ಅಧ್ಯಕ್ಷರ ಕನಸಿತ್ತು, ನಿಜ. ಆದರೆ ಸದನದಲ್ಲಿ ಬಜೆಟ್ ಪಾಸ್ ಮಾಡಿಸೋಕೆ ಪೊವೆಲ್ ಬೇಕಿತ್ತು. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದಿದ ಸಾವಿರಾರು ಹುಡುಗ ಹುಡುಗಿಯರು ಅಲ್ಲಿಂದ ಬಂದ್ರು. ಇದು ಸುಳ್ಳಲ್ಲ, ಸಣ್ಣ ವಿಷಯವೂ ಅಲ್ಲ.

ಜಿಲ್ಲೆ ಜಿಲ್ಲೆಗಳ ಜಾತ್ರೆಯಂಥ ಕೃಷಿ ಮೇಳಗಳಿಗೆ ದುಡ್ಡು. ಆ ದುಡ್ಡು ಬರ್ತಿದ್ದುದು ಕುದುರೆ ರೇಸಿನ ತೆರಿಗೆಯಿಂದ.

ಪೊವೆಲ್‌ಗೆ ಏನು ಸಿಕ್ಕಿತು? ಸ್ವೈಪ್ ಮಾಡಿ.

5/9
1949. ಪೊವೆಲ್ ಮೊದಲ ಸಲ ಸ್ಪೀಕರ್. ಅದೇ ವರ್ಷ ಶಿಕಾಗೋ ಪಕ್ಕದಲ್ಲಿ ಹಾರ್ನೆಸ್ ರೇಸ್‌ಗೆ ದಾರಿ ಮಾಡಿಕೊಡೋ ಕಾನೂನು ಪಾಸಾಯ್ತು. (ಹಾರ್ನೆಸ್ ರೇಸ್ ಅಂದ್ರೆ ಜಾಕಿ ಕುದುರೆ ಮೇಲೆ ಕೂರಲ್ಲ. ಕುದುರೆ ಹಿಂದೆ ಎರಡು ಚಕ್ರದ ಪುಟ್ಟ ಗಾಡಿ, ಅದರಲ್ಲಿ ಸವಾರ.) ರೇಸ್ ನಡೆಸೋ ಕಂಪನಿಯ ಷೇರು ತೀರಾ ಕಡಿಮೆ ಬೆಲೆಗೆ ರಾಜಕಾರಣಿಗಳ ಕೈ ಸೇರಿತು. ಪೊವೆಲ್ ಕೈಗೂ.

ಇದರ ಕೆಲಸ ಹೇಗೆ ಅಂತ ನೋಡಿ. ರೇಸ್ ಕಂಪನಿಗೆ ಲೈಸೆನ್ಸ್ ಬೇಕು, ರೇಸ್ ನಡೆಸೋಕೆ ದಿನಾಂಕ ಬೇಕು, ತೆರಿಗೆ ಕಡಿಮೆ ಇರಬೇಕು. ಇದೆಲ್ಲ ಕೊಡೋದು ಸರ್ಕಾರ. ಕಾನೂನು ಮಾಡೋನೇ ಷೇರುದಾರನಾದ್ರೆ ಅವನಿಗೆ ಯಾರೂ ಲಂಚದ ಕವರ್ ಕೊಡಬೇಕಾಗಿಲ್ಲ. ಪ್ರತಿ ವರ್ಷ ಡಿವಿಡೆಂಡ್ ತಾನಾಗೇ ಬರುತ್ತೆ. ಶಾಸಕ ಯಾವ ಕಂಪನಿಯಲ್ಲಿ ಎಷ್ಟು ಪಾಲು ಇಟ್ಟಿದ್ದಾನೆ ಅಂತ ಜನರಿಗೆ ಹೇಳಬೇಕು ಅನ್ನೋ ನಿಯಮ ಆಗ ಇರಲಿಲ್ಲ. ಪೊವೆಲ್ ಸತ್ತಾಗ ಅವನ ಒಟ್ಟು ಆಸ್ತಿ 20 ಲಕ್ಷ ಡಾಲರ್ ಮೀರಿತ್ತು. ಅದರಲ್ಲಿ ಸುಮಾರು 10 ಲಕ್ಷ ರೇಸ್ ಕಂಪನಿಗಳ ಷೇರು. ನೋಡಿ, ಶೂ ಡಬ್ಬ ಎಲ್ಲರಿಗೂ ನೆನಪಿದೆ. ಅದಕ್ಕಿಂತ ದೊಡ್ಡ ಮೊತ್ತ ಮಾತ್ರ ಕಾಗದದ ಮೇಲೆ ಸಹಿ, ಸೀಲು ಸಮೇತ ಇತ್ತು.

6/9
1964ರಲ್ಲಿ ಪೊವೆಲ್ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಗೆದ್ದ. ಹೆಸರು ಕೇಳಿ ವಿದೇಶಾಂಗ ಮಂತ್ರಿ ಅಂದುಕೊಳ್ಳಬೇಡಿ, ಅದು ದಿಲ್ಲಿ ಮಟ್ಟದ ಹಾಗೆ ವಾಷಿಂಗ್ಟನ್‌ನಲ್ಲಿರೋ ಹುದ್ದೆ. ರಾಜ್ಯದಲ್ಲಿ ಈ ಆಫೀಸಿನ ಮುಖ್ಯ ಕೆಲಸ ಡ್ರೈವಿಂಗ್ ಲೈಸೆನ್ಸ್, ಗಾಡಿಯ ನಂಬರ್ ಪ್ಲೇಟ್, ಕಂಪನಿ ನೋಂದಣಿ. ಒಂಥರಾ ಇಡೀ ರಾಜ್ಯದ ಆರ್‌ಟಿಓ ಇವನ ಕೈಯಲ್ಲಿ.

ಸಾವಿರಾರು ನೌಕರಿಗಳು ಇವನು ಹಂಚೋದು. ನಂಬರ್ ಪ್ಲೇಟ್ ಶುಲ್ಕಕ್ಕೆ ಜನ ಚೆಕ್ ಬರೆಯೋವಾಗ "ಪಾಲ್ ಪೊವೆಲ್" ಅಂತಲೇ ಬರೆಯೋ ರೂಢಿ ಇತ್ತು. ಸರ್ಕಾರದ ಹೆಸರಿಗಲ್ಲ, ಮನುಷ್ಯನ ಹೆಸರಿಗೆ! ಹುದ್ದೆ ಯಾವುದು, ವ್ಯಕ್ತಿ ಯಾರು ಅನ್ನೋ ಗೆರೆ ಅಳಿಸಿಹೋದ್ರೆ ಏನಾಗುತ್ತೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

1968ರಲ್ಲಿ ಮತ್ತೆ ಗೆದ್ದ.

7/9
ಯಾರೂ ಬಾಯಿ ಬಿಡಲಿಲ್ವಾ? ಒಬ್ಬ ಬಿಟ್ಟ. ಬೋ ಟೈ ಹಾಕಿರೋ ಈ ಫೋಟೋದವನು ಪಾಲ್ ಸೈಮನ್. ಅದೇ ದಕ್ಷಿಣ ಇಲಿನಾಯ್, ಅದೇ ಡೆಮಾಕ್ರಟಿಕ್ ಪಕ್ಷ, ಅದೇ ಸದನ. ಮೊದಲು ಒಂದು ಸಣ್ಣ ಪತ್ರಿಕೆ ನಡೆಸ್ತಿದ್ದ. ಶಾಸಕನಾದ ಮೇಲೆ ತನ್ನ ಆದಾಯ ಎಷ್ಟು ಅಂತ ಪ್ರತಿ ವರ್ಷ ತಾನಾಗೇ ಪ್ರಕಟಿಸ್ತಿದ್ದ. ಕೇಳಿದವರು ಯಾರೂ ಇಲ್ಲ, ಕಾನೂನೂ ಇಲ್ಲ.

1964ರಲ್ಲಿ ಸೈಮನ್ ದೇಶದ ದೊಡ್ಡ ಪತ್ರಿಕೆ ಹಾರ್ಪರ್ಸ್‌ನಲ್ಲಿ ಇಲಿನಾಯ್ ಶಾಸನಸಭೆಯ ಭ್ರಷ್ಟಾಚಾರದ ಬಗ್ಗೆ ಬರೆದ. ಸಹೋದ್ಯೋಗಿಗಳು ಏನು ಮಾಡಿದ್ರು? ಅವನಿಗೆ "ಬೆನೆಡಿಕ್ಟ್ ಆರ್ನಲ್ಡ್" ಅನ್ನೋ ಪ್ರಶಸ್ತಿ ಕೊಟ್ಟು ಗೇಲಿ ಮಾಡಿದ್ರು. ಆರ್ನಲ್ಡ್ ಅಂದ್ರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ಸೇರಿದ ದ್ರೋಹಿ. ನೋಡಿ, ಆ ಮನೆಯಲ್ಲಿ ತಿಂದೋನು ದ್ರೋಹಿ ಅಲ್ಲ, ತಿಂದಿದ್ದನ್ನ ಹೇಳಿದೋನು ದ್ರೋಹಿ.

8/9
ಪೊವೆಲ್ ತೀರಿಕೊಂಡಿದ್ದು 10 ಅಕ್ಟೋಬರ್ 1970, ಚಿಕಿತ್ಸೆಗೆ ಅಂತ ಹೋಗಿದ್ದ ಮಿನೆಸೋಟಾದ ರೋಚೆಸ್ಟರ್‌ನಲ್ಲಿ. ಕಪಾಟು ತೆಗೆದ ಸ್ನೇಹಿತ ಯಾರು ಗೊತ್ತಾ? ಜಾನ್ ರೆಂಡಲ್‌ಮನ್. ಪೊವೆಲ್ ಬೆಳೆಸಿದ ಅದೇ ಸದರ್ನ್ ಇಲಿನಾಯ್ ಯೂನಿವರ್ಸಿಟಿಯ ಎಡ್ವರ್ಡ್ಸ್‌ವಿಲ್ ಕ್ಯಾಂಪಸ್ಸಿನ ಚಾನ್ಸಲರ್. ಡಬ್ಬದ ಸುದ್ದಿ ಜನರಿಗೆ ಗೊತ್ತಾಗಿದ್ದು ಡಿಸೆಂಬರ್ ಕೊನೆಯಲ್ಲಿ.

ಈಗ ಒಂದು ದಿನಾಂಕ ನೆನಪಿಟ್ಟುಕೊಳ್ಳಿ: 15 ಡಿಸೆಂಬರ್ 1970. ಅವತ್ತು ಇಲಿನಾಯ್ ಜನ ಓಟು ಹಾಕಿ ರಾಜ್ಯಕ್ಕೆ ಹೊಸ ಸಂವಿಧಾನ ಒಪ್ಪಿಕೊಂಡ್ರು. ರಾಜ್ಯದ ಹುದ್ದೆಗೆ ನಿಲ್ಲೋರು, ಹುದ್ದೆಯಲ್ಲಿ ಇರೋರು ತಮ್ಮ ಆರ್ಥಿಕ ಹಿತಾಸಕ್ತಿಗಳನ್ನ ಬರೆದು ಕೊಡಲೇಬೇಕು ಅನ್ನೋ ನಿಯಮ ಅದರಲ್ಲಿತ್ತು. ಅಂದ್ರೆ ಡಬ್ಬದ ಸುದ್ದಿ ಬರೋಕೆ ಎರಡು ವಾರ ಮೊದಲೇ! ಸೈಮನ್ ಒಬ್ಬನೇ ತಾನಾಗೇ ಮಾಡ್ತಿದ್ದುದು ಈಗ ಎಲ್ಲರಿಗೂ ಕಡ್ಡಾಯ.

ಆ ನಗದು ಎಲ್ಲಿಂದ ಬಂತು ಅನ್ನೋದು ಯಾವ ಕೋರ್ಟಿನಲ್ಲೂ ಪೂರ್ತಿ ಸಾಬೀತಾಗಲಿಲ್ಲ. ಸತ್ತವನ ಮೇಲೆ ಕ್ರಿಮಿನಲ್ ಕೇಸ್ ನಡೆಯಲ್ಲ. ತೆರಿಗೆ ಇಲಾಖೆ, ರಾಜ್ಯ ಸರ್ಕಾರ ಆಸ್ತಿಯಲ್ಲಿ ತಮ್ಮ ಪಾಲು ಕಿತ್ತುಕೊಂಡವು. ಆದರೆ ರೇಸ್ ಷೇರಿನ ದಾರಿ ಹಿಡಿದ ಇನ್ನೊಬ್ಬ ಸಿಕ್ಕಿಬಿದ್ದ. ಪೊವೆಲ್ ಸ್ಪೀಕರ್ ಆಗಿದ್ದಾಗ ಗವರ್ನರ್ ಆಗಿದ್ದ ಒಟ್ಟೊ ಕರ್ನರ್, ಆಮೇಲೆ ಫೆಡರಲ್ ಕೋರ್ಟಿನ ಜಡ್ಜ್. ಕರ್ನರ್ ಅಂದ್ರೆ ಸಾಮಾನ್ಯ ಹೆಸರಲ್ಲ. 1967ರ ಜನಾಂಗೀಯ ಗಲಭೆಗಳ ತನಿಖಾ ಆಯೋಗಕ್ಕೆ ಅಧ್ಯಕ್ಷನಾಗಿ ಅಮೆರಿಕದ ವರ್ಣಭೇದವನ್ನ ನೇರವಾಗಿ ಬಯಲು ಮಾಡಿದ ವರದಿ ಕೊಟ್ಟವನು. ರೇಸ್ ಷೇರಿನ ಕೇಸಿನಲ್ಲಿ 1973ರಲ್ಲಿ ಅಪರಾಧಿ ಅಂತ ತೀರ್ಪಾಯ್ತು, ಜೈಲಿಗೂ ಹೋದ.

9/9
ಕೊನೆಯ ಫೋಟೋ ಪೊವೆಲ್ ಊರಿನದು. ಅವನ ಮನೆ ಈಗ ಮ್ಯೂಸಿಯಂ. ಸಮಾಧಿ ಕಲ್ಲಿನ ಮೇಲೆ "ಜೀವನವಿಡೀ ಡೆಮಾಕ್ರಟ್" ಅಂತ ಕೆತ್ತಿದೆ. ರಿಪಬ್ಲಿಕನ್ ಓಟಿನಿಂದ ಸ್ಪೀಕರ್ ಆದವನ ಸಮಾಧಿ ಮೇಲೆ!

ಓದ್ತಾ ಓದ್ತಾ ನನ್ನನ್ನ ಕಾಡಿದ್ದು ಇದು. ಆ ಯೂನಿವರ್ಸಿಟಿಯಲ್ಲಿ ಓದಿ ಬದುಕು ಕಟ್ಟಿಕೊಂಡ ಒಬ್ಬ ಗಣಿ ಕಾರ್ಮಿಕನ ಮಗಳ ಹತ್ತಿರ ಹೋಗಿ "ಪೊವೆಲ್ ಕಳ್ಳ" ಅಂದ್ರೆ ಅವಳು ಏನು ಹೇಳಬೇಕು? "ತಿಂದ, ಆದ್ರೆ ನಮಗೂ ಮಾಡಿದ" ಅಂತಾನೇ ಅಲ್ವಾ? ಈ ಮಾತನ್ನ ನಾವೆಲ್ಲ ಎಲ್ಲಾದ್ರೂ ಕೇಳೇ ಇರ್ತೀವಿ. ಅದರಲ್ಲಿ ನಿಜಾನೂ ಇದೆ. ಅದಕ್ಕೇ ಅದು ಅಪಾಯ. ಕಾಲೇಜು ಕಟ್ಟಿದ್ದು ಜನರ ತೆರಿಗೆ ದುಡ್ಡಿನಿಂದ. ಹಾಗೆ ನೋಡಿದ್ರೆ ಅದು ಆ ಹುಡುಗಿಯ ಹಕ್ಕು. ಆದರೆ ಪೊವೆಲ್ ಅದನ್ನ ಉಪಕಾರದ ಥರ ಕೊಟ್ಟ. ಒಮ್ಮೆ ಉಪಕಾರ ಅಂತ ಒಪ್ಪಿಕೊಂಡ್ರೆ, ಕೊಟ್ಟವನ ಕಪಾಟಿನಲ್ಲಿ ಏನಿದೆ ಅಂತ ಕೇಳೋಕೆ ಬಾಯಿ ಬರಲ್ಲ. ಪೊವೆಲ್‌ನನ್ನ 35 ವರ್ಷ ಕಾಪಾಡಿದ್ದು ಆ ಮೌನ.

ಈಗ ನೀವು ಹೇಳಿ. ಆ ಹುಡುಗಿಯ ಜಾಗದಲ್ಲಿ ನೀವಿದ್ರೆ 1968ರಲ್ಲಿ ಓಟು ಯಾರಿಗೆ ಹಾಕ್ತಿದ್ರಿ? ಸುಮ್ನೆ "ಹಾಕ್ತಿರಲಿಲ್ಲ" ಅನ್ನಬೇಡಿ, ಯಾಕೆ ಅಂತಾನೂ ಕಾಮೆಂಟ್‌ನಲ್ಲಿ ಬರೀರಿ. ಇತಿಹಾಸ ಅಂದ್ರೆ ಬೋರು ಅನ್ನೋ ಫ್ರೆಂಡ್‌ಗೆ ಇದನ್ನ ಕಳಿಸಿ, ಡಬ್ಬದ ಫೋಟೋ ನೋಡಿಯಾದ್ರೂ ಓದ್ತಾರೆ.

#ಇತಿಹಾಸ #ಶೂಡಬ್ಬ #ಇಲಿನಾಯ್ #ರಾಜಕೀಯ #ಕನ್ನಡದಲ್ಲಿಓದಿ