ಆಕಾಶಕ್ಕೆ ಕಾವಲು: ಬ್ರಿಟನ್ನಿನ ವಿಮಾನ ವೀಕ್ಷಕರು

ತಲೆಯ ಮೇಲೆ ಹಾರುವ ಯುದ್ಧವಿಮಾನ ಯಾರದು, ಯಾವ ಮಾದರಿಯದು, ಎತ್ತ ಹೊರಟಿದೆ ಎಂದು ನೆಲದ ಮೇಲೆ ನಿಂತೇ ಹೇಳುವ ವಿದ್ಯೆ ಮೊದಲ ಮಹಾಯುದ್ಧದಲ್ಲಿ ಹುಟ್ಟಿತು. 1917ರ ಜೂನ್ 13ರಂದು ಜರ್ಮನಿಯ ಗೋಥಾ ಬಾಂಬರ್‌ಗಳು ಹಾಡಹಗಲೇ ಲಂಡನ್ನಿನ ಮೇಲೆ ಬಾಂಬು ಸುರಿದು 162 ಜನರನ್ನು ಕೊಂದವು. ಸತ್ತವರಲ್ಲಿ ಪಾಪ್ಲರ್ ಬಡಾವಣೆಯ ಶಾಲೆಯೊಂದರ 18 ಮಕ್ಕಳಿದ್ದರು. ಇಂಥ ದಾಳಿಗಳ ಬಳಿಕ ನಗರದ ವಾಯುರಕ್ಷಣೆಯ ಹೊಣೆ ಮೇಜರ್ ಜನರಲ್ ಎಡ್ವರ್ಡ್ ಆಶ್‌ಮೋರ್ ಅವರ ಹೆಗಲಿಗೆ ಬಂತು. ತೋಪು, ಸರ್ಚ್‌ಲೈಟ್, ವೀಕ್ಷಣಾ ಠಾಣೆಗಳನ್ನು ಅವರು ಟೆಲಿಫೋನ್ ತಂತಿಯಿಂದ ಬೆಸೆದರು. ಬಂದ ಸುದ್ದಿಯನ್ನೆಲ್ಲ ಒಂದೇ ದೊಡ್ಡ ನಕ್ಷೆಯ ಮೇಲೆ ಗುರುತಿಸುವ ಏರ್ಪಾಡು ಮಾಡಿದರು.

ಯುದ್ಧ ಮುಗಿದ ಮೇಲೂ ಆ ಏರ್ಪಾಡು ಮರೆಯಾಗಲಿಲ್ಲ. 1924ರಲ್ಲಿ ಕೆಂಟ್ ಪ್ರಾಂತದಲ್ಲಿ ಪರೀಕ್ಷೆಗಳು ನಡೆದವು. 1925ರಲ್ಲಿ ‘ಅಬ್ಸರ್ವರ್ ಕೋರ್’ ಎಂಬ ವೀಕ್ಷಕ ದಳ ಸ್ಥಾಪನೆಯಾಯಿತು. ಅದರ ಸದಸ್ಯರು ವೃತ್ತಿಪರ ಸೈನಿಕರಲ್ಲ, ತಮ್ಮ ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದ ಊರಿನವರು. 1929ರಲ್ಲಿ ದಳ ವಾಯುಪಡೆಯ ಅಧೀನಕ್ಕೆ ಹೋಯಿತು.

1930ರ ದಶಕದ ಕೊನೆಗೆ ರೇಡಾರ್ ಬಂತು. ಆದರೆ ಕರಾವಳಿಯ ರೇಡಾರ್ ಗೋಪುರಗಳ ದೃಷ್ಟಿ ಕಡಲಿನ ಕಡೆಗಿತ್ತು. ವಿಮಾನ ತೀರ ದಾಟಿ ಒಳನಾಡಿಗೆ ನುಗ್ಗಿದರೆ ಅದರ ಜಾಡು ಹಿಡಿಯಲು ಮನುಷ್ಯರ ಕಣ್ಣು ಕಿವಿಗಳೇ ಗತಿಯಾಗಿದ್ದವು. 1939ರ ಆಗಸ್ಟ್ 24ರಂದು ದಳಕ್ಕೆ ಕರೆ ಬಂತು. ಯುದ್ಧಕಾಲದಲ್ಲಿ ಸುಮಾರು 30,000 ವೀಕ್ಷಕರು ಸಾವಿರದಷ್ಟು ಠಾಣೆಗಳಲ್ಲಿ ಹಗಲಿರುಳೂ ಪಾಳಿಯ ಮೇಲೆ ನಿಂತರು.

ಠಾಣೆಯೆಂದರೆ ಬಹಳ ಕಡೆ ಗುಡ್ಡದ ನೆತ್ತಿಯಲ್ಲೋ ಬಯಲಿನಲ್ಲೋ ಮರಳಮೂಟೆ ಒಟ್ಟಿ ಕಟ್ಟಿದ ಗೂಡು. ನಡುವೆ ದುಂಡನೆಯ ನಕ್ಷೆಯ ಮೇಜು, ಅದರ ಮೇಲೆ ಗುರಿನೋಟದ ಸಾಧನ. ವಿಮಾನದ ಎತ್ತರವನ್ನು ಅಂದಾಜು ಮಾಡಿ ಸಾಧನವನ್ನು ಅದರತ್ತ ತಿರುಗಿಸಿದರೆ, ವಿಮಾನ ಯಾವ ಚೌಕದ ಮೇಲಿದೆಯೆಂದು ಮುಳ್ಳು ನಕ್ಷೆಯಲ್ಲಿ ತೋರಿಸುತ್ತಿತ್ತು. ಅಂದಾಜು ತಪ್ಪಿದರೆ ಚೌಕವೂ ತಪ್ಪುತ್ತಿತ್ತು. ಅದಕ್ಕಾಗಿ ಪಕ್ಕದ ಠಾಣೆಯ ಅಳತೆಯೊಡನೆ ತಾಳೆ ನೋಡಿ ಎತ್ತರವನ್ನು ತಿದ್ದುವ ಇನ್ನೊಂದು ಉಪಕರಣವನ್ನು ಜೋಡಿಸಿದರು. ಠಾಣೆಯಿಂದ ಫೋನಿನಲ್ಲಿ ಬಂದ ಮಾಹಿತಿಯನ್ನು ಕೇಂದ್ರದಲ್ಲಿ ಬಣ್ಣದ ಬಿಲ್ಲೆಗಳಿಟ್ಟು ಗುರುತಿಸುತ್ತಿದ್ದರು. ಐದೈದು ನಿಮಿಷಕ್ಕೆ ಬಿಲ್ಲೆಯ ಬಣ್ಣ ಬದಲಾಗುತ್ತಿದ್ದುದರಿಂದ ಯಾವುದು ಹಳೆಯ ಸುದ್ದಿ, ಯಾವುದು ಹೊಸದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ವಿಮಾನ ಎಲ್ಲಿದೆ ಎಂದು ತಿಳಿದರಷ್ಟೇ ಸಾಲದು, ಅದು ಯಾರದೆಂದೂ ತಿಳಿಯಬೇಕು ಎಂಬ ಪಾಠ ಬಹಳ ದುಬಾರಿಯಾಗಿ ಸಿಕ್ಕಿತು. 1939ರ ಸೆಪ್ಟೆಂಬರ್ 6ರಂದು, ಯುದ್ಧ ಸಾರಿದ ಮೂರೇ ದಿನಕ್ಕೆ, ಬ್ರಿಟನ್ನಿನ ಸ್ಪಿಟ್‌ಫೈರ್‌ಗಳು ತಮ್ಮದೇ ಪಡೆಯ ಎರಡು ಹರಿಕೇನ್‌ಗಳನ್ನು ಶತ್ರುವಿನವೆಂದು ಭ್ರಮಿಸಿ ಹೊಡೆದುರುಳಿಸಿದವು. ಒಬ್ಬ ಪೈಲಟ್ ಸತ್ತ. ‘ಬಾರ್ಕಿಂಗ್ ಕ್ರೀಕ್ ಕದನ’ ಎಂದು ಈ ಘಟನೆ ಹೆಸರಾಯಿತು.

ವೀಕ್ಷಕರಿಗೆ ಆಗ ಸಿಗುತ್ತಿದ್ದ ಅಧಿಕೃತ ತರಬೇತಿ ಅಷ್ಟಕ್ಕಷ್ಟೇ. ಆ ಕೊರತೆಯನ್ನು ಅವರೇ ತುಂಬಿಕೊಂಡರು. ಗಿಲ್ಡ್‌ಫರ್ಡ್‌ನ ವೀಕ್ಷಕರು ವಿಮಾನ ಗುರುತಿಸುವ ಅಭ್ಯಾಸಕ್ಕೆಂದೇ ಸಂಘ ಕಟ್ಟಿದರು. ಅದು ಊರಿಂದೂರಿಗೆ ಹಬ್ಬಿತು. 1941ರ ಜನವರಿಯಲ್ಲಿ ‘ದಿ ಏರೋಪ್ಲೇನ್ ಸ್ಪಾಟರ್’ ಪತ್ರಿಕೆ ಹೊರಬಂತು. ಮುಂದೆ, ಕೆಳಗೆ, ಪಕ್ಕ ಎಂಬ ಮೂರು ನೋಟಗಳ ಕಪ್ಪು ನೆರಳುಚಿತ್ರಗಳು ಅವರ ಅಕ್ಷರಮಾಲೆಯಾದವು. ಮೊದಲು ರೆಕ್ಕೆ, ಆಮೇಲೆ ಎಂಜಿನ್, ಒಡಲು, ಬಾಲ ಎಂಬ ಕ್ರಮದಲ್ಲಿ ನೋಡುವುದನ್ನು ಕಲಿಸಲಾಗುತ್ತಿತ್ತು. ಸ್ಪಿಟ್‌ಫೈರ್‌ನ ರೆಕ್ಕೆ ಅಂಡಾಕಾರವಾದರೆ, 1940ರ ಮೆಸರ್‌ಸ್ಮಿಟ್ 109ರ ರೆಕ್ಕೆಯ ತುದಿ ಕತ್ತರಿಸಿದಂತೆ ಚೌಕ. ಸ್ಟೂಕಾದ ರೆಕ್ಕೆ ಡೊಂಕು, ಅದರ ಚಕ್ರಗಳು ಒಳಗೆ ಮಡಚಿಕೊಳ್ಳುವುದಿಲ್ಲ. ಡಾರ್ನಿಯರ್ 17ರದು ಸಪೂರ ಒಡಲು, ಜೋಡಿ ಬಾಲ. ಎಲ್ಲಕ್ಕಿಂತ ತೊಡಕಾಗಿದ್ದು ಅವಳಿ ಎಂಜಿನ್ನಿನ ಬ್ಲೆನ್‌ಹೈಮ್ ಮತ್ತು ಯುಂಕರ್ಸ್ 88. ಒಂದು ಬ್ರಿಟನ್ನಿನದು, ಇನ್ನೊಂದು ಜರ್ಮನಿಯದು. ದೂರದ ನೋಟಕ್ಕೆ ಎರಡೂ ಒಂದೇ. ಬಿಡಿಬಿಡಿ ಲಕ್ಷಣಗಳನ್ನು ಎಣಿಸುತ್ತ ಕುಳಿತರೆ ವಿಮಾನ ಕಣ್ಮರೆಯಾಗುತ್ತಿತ್ತು. ನಡಿಗೆಯಿಂದಲೇ ಪರಿಚಿತರನ್ನು ಗುರುತಿಸುವಂತೆ ವಿಮಾನವನ್ನು ಅದರ ಒಟ್ಟು ಚಹರೆಯಿಂದಲೇ ಹಿಡಿಯಬಲ್ಲವರು ನುರಿತ ವೀಕ್ಷಕರೆನಿಸಿಕೊಂಡರು.

ಈ ವಿದ್ಯೆ ಕಾರ್ಖಾನೆಗಳ ಮಾಳಿಗೆಯನ್ನೂ ಹತ್ತಿತು. ಸೈರನ್ ಕೂಗಿದಾಗಲೆಲ್ಲ ಕೆಲಸ ನಿಂತರೆ ಉತ್ಪಾದನೆ ಕುಸಿಯುತ್ತಿತ್ತು. ಆದ್ದರಿಂದ 1940ರಿಂದ ಮಾಳಿಗೆಯ ಮೇಲೆ ಕಾವಲುಗಾರರನ್ನು ನಿಲ್ಲಿಸಿ, ಅಪಾಯ ಹತ್ತಿರ ಬಂದಿದೆಯೆಂದು ಅವರು ಹೇಳಿದಾಗ ಮಾತ್ರ ಕೆಲಸಗಾರರು ಆಶ್ರಯಕ್ಕೆ ಹೋಗುವ ಪದ್ಧತಿ ಬಂತು.

1941ರ ಏಪ್ರಿಲ್‌ನಲ್ಲಿ ದಳಕ್ಕೆ ‘ರಾಯಲ್’ ಬಿರುದು ದೊರೆಯಿತು. ಅದೇ ವರ್ಷ ಮಹಿಳೆಯರಿಗೂ ಪ್ರವೇಶ ಸಿಕ್ಕಿತು. ಮೇ 10ರ ರಾತ್ರಿ ಉತ್ತರ ಇಂಗ್ಲೆಂಡಿನ ವೀಕ್ಷಕರು ಒಂಟಿ ವಿಮಾನವೊಂದನ್ನು ಮೆಸರ್‌ಸ್ಮಿಟ್ 110 ಎಂದು ವರದಿ ಮಾಡಿದರು. ಅಷ್ಟು ದೂರ ಬಂದ ಆ ಮಾದರಿಗೆ ಜರ್ಮನಿಗೆ ಮರಳುವಷ್ಟು ಇಂಧನ ಉಳಿಯದೆಂದು ವಾಯುಪಡೆ ಅದನ್ನು ನಂಬಲಿಲ್ಲ. ಆದರೆ ಪೈಲಟ್‌ಗೆ ಮರಳುವ ಉದ್ದೇಶವೇ ಇರಲಿಲ್ಲ. ಹಿಟ್ಲರನ ಆಪ್ತ ರುಡಾಲ್ಫ್ ಹೆಸ್ ಅದರಲ್ಲಿ ಒಬ್ಬನೇ ಬಂದು ಸ್ಕಾಟ್ಲೆಂಡಿನಲ್ಲಿ ಪ್ಯಾರಾಚೂಟ್‌ನಿಂದ ಇಳಿದಿದ್ದ. ಬಿದ್ದ ವಿಮಾನದ ಅವಶೇಷ ವೀಕ್ಷಕರ ಮಾತನ್ನು ಎತ್ತಿಹಿಡಿಯಿತು.

1944ರ ಜೂನ್‌ನಲ್ಲಿ ನಾರ್ಮಂಡಿಗೆ ಹೊರಟ ಹಡಗುಗಳಲ್ಲಿ ಸ್ವಯಂಸೇವಕರಾಗಿ ಬಂದ ನೂರಾರು ವೀಕ್ಷಕರಿದ್ದರು. ಹಡಗಿನ ತೋಪುಗಳು ಮಿತ್ರಪಡೆಯ ವಿಮಾನಗಳನ್ನೇ ಹೊಡೆಯದಂತೆ ತಡೆಯುವುದು ಅವರ ಕೆಲಸ. ಇಬ್ಬರು ಪ್ರಾಣ ತೆತ್ತರು. ಗೋಥಾ ದಾಳಿಗೆ 27 ವರ್ಷ ತುಂಬಿದ ಜೂನ್ 13ರ ನಸುಕಿನಲ್ಲಿ ಡಿಮ್‌ಚರ್ಚ್ ಠಾಣೆಯ ವೀಕ್ಷಕರು ಬಾಲದಿಂದ ಬೆಂಕಿಯುಗುಳುತ್ತ ಬಂದ ಪೈಲಟ್‌ರಹಿತ ಹಾರುಬಾಂಬು ವಿ-1ನ್ನು ಗುರುತಿಸಿ ಎಚ್ಚರಿಸಿದರು.

1945ರ ಮೇ ತಿಂಗಳಲ್ಲಿ ವಿಸರ್ಜನೆಯಾದ ದಳ 1947ರಲ್ಲಿ ಮತ್ತೆ ಕೂಡಿತು. ಅಷ್ಟರಲ್ಲಿ ಜೆಟ್ ವಿಮಾನಗಳ ವೇಗ ಕಣ್ಣಿನ ಅಳವನ್ನು ಮೀರತೊಡಗಿತ್ತು. 1955ರಿಂದ ಅಣುಸ್ಫೋಟ ಮತ್ತು ವಿಕಿರಣವನ್ನು ಅಳೆಯುವ ಹೊಣೆ ಸೇರಿಕೊಂಡಿತು. 1965ರಲ್ಲಿ ವಿಮಾನಗಳನ್ನು ವರದಿ ಮಾಡುವ ಕೆಲಸ ನಿಂತಿತು. 1991ರಲ್ಲಿ ದಳದ ಬಹುಭಾಗವನ್ನೂ 1995ರಲ್ಲಿ ಉಳಿದದ್ದನ್ನೂ ಮುಚ್ಚಲಾಯಿತು.